ಸುಂಕದವನ ಮುಂದೆ ಸುಖದುಃಖ

ಈ ಸಲದ ಅಂಕಣ ಒಂದು ಜೊತೆ ಬೂಟಿನ ಕಥೆ. ಬೂಟು ನನ್ನದಲ್ಲ, ನಮ್ಮಾಕೆಯದು. ಎರಡು ವರ್ಷದಿಂದ ಆಕೆಗೆ ಕಾಲಿನ ಹೆಬ್ಬೆರಳ ಬುಡದಲ್ಲಿ ಗಂಟು. ಲೋಧಿ ಗಾರ್ಡನ್ನಿನ ಬೆಳಗಿನ ತಿರುಗಾಟ ನಿಂತೇ ಹೋಗಿತ್ತು. ಇಲ್ಲಿಯ ಅಂಗಡಿಗಳಲ್ಲಿ ಸಿಕ್ಕ ಅಗಲದ ಬೂಟುಗಳೆಲ್ಲ ಗಂಡಸರವು. ಕಳೆದ ವರ್ಷ, ಅಂದರೆ 2025ರ ಡಿಸೆಂಬರಿನಲ್ಲಿ, ಮಗ ಇಂಗ್ಲೆಂಡಿನ ಒಂದು ಅಂಗಡಿಯ ಬೂಟನ್ನು ಕಂಪ್ಯೂಟರಿನಲ್ಲಿ ತೋರಿಸಿದ. ಇಂಥ ಕಾಲಿಗೆಂದೇ ಹೊಲಿದದ್ದು. ಬೆಲೆ 7,500 ರೂಪಾಯಿಗೆ ಸಮ, ರಿಯಾಯಿತಿ ಕಳೆದು 6,000. ಅಂಚೆ ವೆಚ್ಚ 2,000. ಎಂಟು ಸಾವಿರ ಕೊಟ್ಟು ಬೂಟು ಹಾಕುವುದೇ ಎಂದು ನಮ್ಮಾಕೆ ಗೊಣಗಿದಳು. ಕಾಲಿಗಿಂತ ದುಡ್ಡು ಹೆಚ್ಚೇ ಎಂದು ನಾನು ದೊಡ್ಡಸ್ತಿಕೆ ಮೆರೆದು ತರಿಸಿಬಿಟ್ಟೆ.

ಹತ್ತು ದಿನಕ್ಕೆ ನನ್ನ ಮೊಬೈಲಿಗೆ ಒಂದು ಸಂದೇಶ. ನಿಮ್ಮ ಪಾರ್ಸೆಲ್ ಕಸ್ಟಮ್ಸಿನಲ್ಲಿ ನಿಂತಿದೆ, ಗುರುತಿನ ದಾಖಲೆ ಕಳಿಸಿ, ಸುಂಕ ಕಟ್ಟಿ, ಇಲ್ಲಿ ಒತ್ತಿ ಎಂದು. ಒತ್ತಬೇಕೆಂದು ಕನ್ನಡಕ ಹುಡುಕುತ್ತಿದ್ದಾಗ ಮಗ ಬಂದು, "ಅಪ್ಪಾ, ಮುಟ್ಟಬೇಡಿ! ಇದೆಲ್ಲ ಮೋಸ" ಎಂದ. ಮುಟ್ಟಲಿಲ್ಲ. ಮರುದಿನ ಇನ್ನೊಂದು ಬಂತು, ಅದನ್ನೂ ಮುಟ್ಟಲಿಲ್ಲ. ಮೂರನೆಯದನ್ನು ಅಳಿಸಿಯೇ ಬಿಟ್ಟೆ. ಎಂಥ ಜಾಣ ನಾನು ಎಂದುಕೊಂಡೆ.

ಮಗ ಅಷ್ಟು ಹೆದರಿದ್ದಕ್ಕೂ ಕಾರಣವಿತ್ತು. ನಮ್ಮ ಹಿಂದಿನ ಬ್ಲಾಕಿನಲ್ಲಿ ನಮ್ಮವರೇ ಆದ ಹಿರಿಯ ಮಹಿಳೆಯೊಬ್ಬರಿದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಅವರಿಗೆ ಒಂದು ದಿನ ಫೋನು ಬಂತು. ಎದುರಿನವನು ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯಂತೆ. ನಿಮ್ಮ ಹೆಸರಿಗೆ ವಿದೇಶದಿಂದ ಉಡುಗೊರೆ ಬಂದಿದೆ, ಒಳಗೆ ಚಿನ್ನ ಇದೆ, ಅರ್ಧ ಗಂಟೆಯಲ್ಲಿ ಸುಂಕ ಕಟ್ಟದಿದ್ದರೆ ಕೇಸು ಎಂದನಂತೆ. ಅವರ ತಂಗಿಯ ಮಗಳು ನಿಜವಾಗಿಯೂ ಲಂಡನ್ನಿನಲ್ಲಿದ್ದಾಳೆ. ಅವಳೇ ಏನೋ ಕಳಿಸಿರಬೇಕೆಂದು ಇವರು ನಂಬಿದರು. ಎರಡು ಕಂತಿನಲ್ಲಿ 18,500 ರೂಪಾಯಿ ಹೋಯಿತು. ಹಣ ಹೋದದ್ದಕ್ಕಿಂತ ಅವರಿಗೆ ನೋವಾದದ್ದು ಬೇರೆ. "ರಾಯರೇ, ಮಗನಿಗೆ ಹೇಗೆ ಹೇಳಲಿ? ನಾಳೆಯಿಂದ ನನ್ನ ಕೈಗೆ ಫೋನೇ ಕೊಡುವುದಿಲ್ಲ" ಎಂದು ಇಪ್ಪತ್ತು ದಿನ ಒಳಗೇ ಇಟ್ಟುಕೊಂಡಿದ್ದರು. ಮೋಸವಾದ ಕೂಡಲೇ 1930ಕ್ಕೆ ಫೋನು ಮಾಡಿ ದೂರು ಕೊಟ್ಟರೆ, ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ತಡೆಯುವ ಅವಕಾಶವಾದರೂ ಇರುತ್ತದೆ. ಇಪ್ಪತ್ತು ದಿನದ ಮೇಲೆ ಏನಿರುತ್ತದೆ? ಈ ಅಂಕಣ ಓದುವ ಮಕ್ಕಳಿಗೊಂದು ಮಾತು: ಅಪ್ಪ ಅಮ್ಮ ಮೋಸಹೋದರೆ ಮೊದಲು ಬೈಯಬೇಡಿ. ಬೈಗುಳದ ಹೆದರಿಕೆಯಿಂದಲೇ ಆ ಇಪ್ಪತ್ತು ದಿನ ಕಳೆದುಹೋದದ್ದು.

ಈಗ ನನ್ನ ಬೂಟಿಗೆ ಬರೋಣ. ಒಂಬತ್ತು ದಿನ ಕಳೆದ ಮೇಲೆ ನಮ್ಮಾಕೆ, "ಬೂಟು ಸಮುದ್ರದಲ್ಲಿ ನಡೆದುಕೊಂಡು ಬರುತ್ತಿದೆಯೋ?" ಎಂದು ಕೇಳಿದಳು. ಮಗ ಅಂಗಡಿಯವರು ಕಳಿಸಿದ್ದ ಮೂಲ ಪತ್ರ ತೆಗೆದು, ಅದರಲ್ಲಿದ್ದ ಪಾರ್ಸೆಲ್ ಸಂಖ್ಯೆಯನ್ನು ಕೊರಿಯರ್ ಕಂಪನಿಯ ಪುಟಕ್ಕೆ ತಾನೇ ಹೋಗಿ ಹಾಕಿ ನೋಡಿದ. ಆ ಸಂದೇಶಗಳು ನಿಜವೇ! ಪಾರ್ಸೆಲ್ ವಿಮಾನ ನಿಲ್ದಾಣದ ಕೊರಿಯರ್ ಟರ್ಮಿನಲ್ಲಿನಲ್ಲಿ ಕೂತು ನಮ್ಮ ದಾಖಲೆಗೆ ಕಾಯುತ್ತಿತ್ತು. ಕಾದ ದಿನಗಳಿಗೆ ಬಾಡಿಗೆಯೂ ಏರುತ್ತಿತ್ತು. ಅಂದರೆ ಸುಳ್ಳು ಕರೆಯನ್ನು ಒಬ್ಬರು ನಂಬಿ ಕೆಟ್ಟರು, ನಿಜವಾದ ಕರೆಯನ್ನು ನಂಬದೆ ನಾನು ಕೆಟ್ಟೆ. ಇಬ್ಬರೂ ಒಂದೇ ಕಾಲೋನಿಯವರು.

ಬಿಲ್ಲು ಬಂತು: 4,930 ರೂಪಾಯಿ. ಆರು ಸಾವಿರದ ಬೂಟಿಗೆ! ಮೂವತ್ತು ವರ್ಷ ಸರ್ಕಾರಿ ಕಡತ ನೋಡಿದ ಕಣ್ಣು ಸುಮ್ಮನಿರುತ್ತದೆಯೇ? ಲೆಕ್ಕ ಬಿಡಿಸಲು ಕುಳಿತೆ.

ನಾವು ತಪ್ಪುವುದು ಮೊದಲ ಹೆಜ್ಜೆಯಲ್ಲೇ. ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ. ಸಾಗಾಣಿಕೆ ಮತ್ತು ವಿಮೆಯ ಖರ್ಚನ್ನೂ ಸೇರಿಸಿ ಅದರ ಮೌಲ್ಯ ಕಟ್ಟುತ್ತಾರೆ. ಡಾಲರು, ಪೌಂಡುಗಳನ್ನು ರೂಪಾಯಿಗೆ ತಿರುಗಿಸುವುದೂ ಕಸ್ಟಮ್ಸ್ ಇಲಾಖೆ ಪ್ರಕಟಿಸುವ ದರದಲ್ಲಿ, ನಿಮ್ಮ ಬ್ಯಾಂಕಿನ ದರದಲ್ಲಲ್ಲ. ಆ ಮೌಲ್ಯದ ಮೇಲೆ ಮೂಲ ಸುಂಕ. ಮೂಲ ಸುಂಕದ ಮೇಲೆ ಸಾಮಾನ್ಯವಾಗಿ ನೂರಕ್ಕೆ 10ರಂತೆ ಸಮಾಜ ಕಲ್ಯಾಣ ಸರ್ಚಾರ್ಜು, ಇದು 2018ರಲ್ಲಿ ಬಂದದ್ದು. ಇವೆಲ್ಲ ಸೇರಿದ ಮೊತ್ತದ ಮೇಲೆ ಐ.ಜಿ.ಎಸ್.ಟಿ. ಕಲ್ಪಿತ ಲೆಕ್ಕವೊಂದನ್ನು ನೋಡಿ. ಮೌಲ್ಯ 10,000, ಮೂಲ ಸುಂಕ ನೂರಕ್ಕೆ 20, ಐ.ಜಿ.ಎಸ್.ಟಿ. ನೂರಕ್ಕೆ 18 ಎಂದಿಟ್ಟುಕೊಳ್ಳಿ. ಮೂಲ ಸುಂಕ 2,000, ಸರ್ಚಾರ್ಜು 200. ಈಗ ಮೊತ್ತ 12,200 ಆಯಿತು. ಅದರ ಮೇಲೆ ನೂರಕ್ಕೆ 18 ಎಂದರೆ 2,196. ಒಟ್ಟು ಕಟ್ಟಬೇಕಾದದ್ದು 4,396. ಇಪ್ಪತ್ತೂ ಹದಿನೆಂಟೂ ಸೇರಿ ಮೂವತ್ತೆಂಟು ಎಂದುಕೊಂಡವನಿಗೆ ನಲವತ್ತನಾಲ್ಕು ಬರುವುದು ಹೀಗೆ. ತೆರಿಗೆಯ ಮೇಲೆ ತೆರಿಗೆ, ದೋಸೆಯ ಮೇಲೆ ದೋಸೆ ಹಾಕಿದ ಹಾಗೆ. ವಸ್ತುವಿನಿಂದ ವಸ್ತುವಿಗೆ, ಬಜೆಟ್ಟಿನಿಂದ ಬಜೆಟ್ಟಿಗೆ ದರ ಬದಲಾಗುತ್ತದೆ. ಸ್ವಂತ ಬಳಕೆಗೆ ತರಿಸುವ ವಸ್ತುಗಳ ಮೂಲ ಸುಂಕವನ್ನು ನೂರಕ್ಕೆ 20ರಿಂದ 10ಕ್ಕೆ ಇಳಿಸುವ ಮಾತು 2026ರ ಫೆಬ್ರವರಿಯ ಬಜೆಟ್ಟಿನಲ್ಲಿ ಬಂತು. ಹತ್ತಕ್ಕೆ ಇಳಿದರೆ ಮೇಲಿನ ಲೆಕ್ಕವೇ 3,098 ಆಗುತ್ತದೆ, ಬೇಕಾದರೆ ಮಾಡಿ ನೋಡಿ. ನನ್ನ ಬೂಟು ಮಾತ್ರ ಎರಡು ತಿಂಗಳು ಮೊದಲೇ ಬಂದುಬಿಟ್ಟಿತ್ತು. ನಮ್ಮ ಗ್ರಹಚಾರ!

ಇಷ್ಟರ ಮೇಲೆ ಕೊರಿಯರಿನವರ ಸೇವಾ ಶುಲ್ಕ. ನಮ್ಮ ಪರವಾಗಿ ಅವರು ಮೊದಲು ಸುಂಕ ಕಟ್ಟಿ, ಆಮೇಲೆ ನಮ್ಮಿಂದ ವಸೂಲಿ ಮಾಡುತ್ತಾರೆ. ಆ ಉಪಕಾರಕ್ಕೆ ಬೆಲೆಯುಂಟು, ಆ ಬೆಲೆಗೂ ಜಿ.ಎಸ್.ಟಿ. ಉಂಟು. ಇದನ್ನು ಸರ್ಕಾರದ ಲೆಕ್ಕಕ್ಕೆ ಬರೆದು ಸರ್ಕಾರವನ್ನು ಬೈಯುವವರಿದ್ದಾರೆ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಓದಬೇಕು.

ಆದರೂ ನನ್ನ ಲೆಕ್ಕ ತಾಳೆಯಾಗಲಿಲ್ಲ. ಬಿಲ್ ಆಫ್ ಎಂಟ್ರಿಯ ನಕಲು ಕಳಿಸಿರೆಂದು ಕೊರಿಯರಿನವರಿಗೆ ಬರೆದೆ. ಸುಂಕ ಯಾವ ಮೌಲ್ಯದ ಮೇಲೆ, ಯಾವ ದರದಲ್ಲಿ ಬಿತ್ತು ಎಂಬುದು ಇರುವುದು ಆ ಕಾಗದದಲ್ಲೇ. ಕೇಳದೆ ಅದನ್ನು ಯಾರೂ ಕೊಡುವುದಿಲ್ಲ, ಕೇಳಿದರೆ ಕೊಡುತ್ತಾರೆ. ನೋಡಿದರೆ ಅಂಗಡಿಯವರು ಪಾರ್ಸೆಲ್ಲಿನ ಮೇಲೆ ರಿಯಾಯಿತಿಗೆ ಮುಂಚಿನ 7,500ರ ಬೆಲೆ ಬರೆದಿದ್ದರು. ನಾನು ಕೊಡದ 1,500 ರೂಪಾಯಿಗೂ ಸುಂಕ ಕೊಟ್ಟಿದ್ದೆ! ಅಂಗಡಿಯವರಿಗೆ ನಾಲ್ಕು ಪತ್ರ ಬರೆದ ಮೇಲೆ ಹೆಚ್ಚಾದಷ್ಟನ್ನು ಅವರು ಹಿಂದಿರುಗಿಸಿದರು. ಅಷ್ಟರಮಟ್ಟಿಗೆ ಸಜ್ಜನರು. ಈಗ ಏನನ್ನೇ ತರಿಸಿದರೂ, ನಾನು ಕೊಟ್ಟ ನಿಜವಾದ ಬೆಲೆಯನ್ನೇ ಬರೆಯಿರಿ ಎಂದು ಮೊದಲೇ ತಿಳಿಸುತ್ತೇನೆ. ಕಡಿಮೆ ಬರೆಯಿರಿ ಎಂದು ಕೇಳುವ ಚಾಳಿ ನಮ್ಮಲ್ಲಿ ಕೆಲವರಿಗಿದೆ. ಅದು ಬೇಡ. ಸುಳ್ಳು ಮೌಲ್ಯಕ್ಕೆ ದಂಡ ತೆರುವವರು ಇಲ್ಲಿ ಪಾರ್ಸೆಲ್ ಬಿಡಿಸಿಕೊಳ್ಳುವವರು, ಅಲ್ಲಿ ಕಳಿಸಿದವರಲ್ಲ.

"ಉಡುಗೊರೆ ಎಂದು ಬರೆಸಬಾರದಿತ್ತೇ?" ಎಂದು ಸಂಘದ ಕಾರ್ಯಕ್ರಮದಲ್ಲಿ ಸಿಕ್ಕ ಸ್ನೇಹಿತರೊಬ್ಬರು ಕೇಳಿದರು. ಅವರು ಹಳೆಯ ಕಾಲದಲ್ಲೇ ಇದ್ದಾರೆ. ಒಂದು ಮಿತಿಯೊಳಗಿನ ಉಡುಗೊರೆಗೆ ಸುಂಕವಿಲ್ಲ ಎಂಬ ಅನುಕೂಲ ಹಿಂದೆ ಇತ್ತು. ಚೀನಾದ ಅಂಗಡಿಗಳು ಮಾರಾಟದ ಸರಕನ್ನೇ ಉಡುಗೊರೆ ಎಂದು ಬರೆದು ರಾಶಿರಾಶಿ ಕಳಿಸತೊಡಗಿದ ಮೇಲೆ, 2019ರ ಡಿಸೆಂಬರ್ 12ರ ಅಧಿಸೂಚನೆ ಅದನ್ನು ಮುಚ್ಚಿತು. ಅಂಚೆಯಲ್ಲಾಗಲಿ ಕೊರಿಯರಿನಲ್ಲಾಗಲಿ ಉಡುಗೊರೆಯೆಂದು ಸುಂಕವಿಲ್ಲದೆ ಬಿಡಿಸಿಕೊಳ್ಳುವಂತಿಲ್ಲ. ಪೂರ್ಣ ಸುಂಕ ಕಟ್ಟಿದರೆ ಅಡ್ಡಿಯಿಲ್ಲ. ಬಿಟ್ಟದ್ದು ಎರಡನ್ನೇ: ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿಯ ಜೊತೆಗೆ ಬರುವ ಉಡುಗೊರೆಗೆ ಮಾತ್ರ ಈ ವಿನಾಯಿತಿ ಇಲ್ಲ ಎಂದೂ ಅದರಲ್ಲೇ ಬರೆದಿದ್ದಾರೆ. ದಾರ ಒಳಗೆ ಬರಬಹುದು, ಚಾಕಲೇಟು ಬಾಗಿಲಲ್ಲಿ ನಿಲ್ಲಬೇಕು! ಆ ಅಧಿಸೂಚನೆ ಬರೆದ ಅಧಿಕಾರಿಗೂ ಅಕ್ಕತಂಗಿಯರಿದ್ದಿರಬೇಕು. ಒಟ್ಟು ಸುಂಕ ನೂರು ರೂಪಾಯಿ ಮೀರದಿದ್ದರೆ ವಸೂಲಿ ಮಾಡುವುದಿಲ್ಲ ಎಂಬ ಒಂದು ಸಣ್ಣ ಕಿಟಕಿ 1962ರ ಕಸ್ಟಮ್ಸ್ ಕಾಯಿದೆಯಲ್ಲಿದೆ. ರಾಖಿ ತೂರುವುದು ಅದರಲ್ಲೇ.

ಹಿಂದೆಲ್ಲ ಹೀಗಿರಲಿಲ್ಲ ಎನ್ನುವವರ ಮಾತು ಪೂರ್ತಿ ನಿಜವಲ್ಲ. ವಿದೇಶದ ಪಾರ್ಸೆಲ್ ಬಂತೆಂದರೆ ಐ.ಟಿ.ಓ. ಹತ್ತಿರ ಕೋಟ್ಲಾ ರಸ್ತೆಯ ವಿದೇಶಿ ಅಂಚೆ ಕಚೇರಿಗೆ ಬಿಲ್ಲು ಹಿಡಿದು ಅಲೆದವರು ನಮ್ಮಲ್ಲಿ ಎಷ್ಟು ಜನರಿಲ್ಲ? ಆಗ ಎದುರಿಗೆ ಒಬ್ಬ ಮನುಷ್ಯನಿದ್ದ, ಅಷ್ಟೇ ವ್ಯತ್ಯಾಸ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆಗಾದರೂ ಒಬ್ಬ ಸುಂಕದವನು ಬೇಕಲ್ಲ! ಈಗ ಇರುವುದು ಮೊಬೈಲಿನಲ್ಲಿ ನಾಲ್ಕು ಸಾಲು, ಅದೂ ನಿಜವೋ ಸುಳ್ಳೋ ತಿಳಿಯದು.

ನಿಜ ಸುಳ್ಳು ಬೇರೆ ಮಾಡಲು ನಾನು ಈಗ ಅನುಸರಿಸುವ ಕ್ರಮ ಇಷ್ಟು. ಏನನ್ನೂ ತರಿಸದೆ ಇದ್ದಾಗ ಬರುವ ಸುಂಕದ ಕರೆಯನ್ನು ಕೆಳಗಿಡುತ್ತೇನೆ. ತರಿಸಿದ್ದರೂ ಸಂದೇಶದಲ್ಲಿರುವ ಕೊಂಡಿಯನ್ನು ಒತ್ತುವುದಿಲ್ಲ. ಅಂಗಡಿಯವರು ಕೊಟ್ಟ ಸಂಖ್ಯೆ ಹಿಡಿದು ಕೊರಿಯರಿನ ಅಥವಾ ಅಂಚೆ ಇಲಾಖೆಯ ಪುಟಕ್ಕೆ ನಾನೇ ಹೋಗುತ್ತೇನೆ. ಕೊರಿಯರಿನವರು ಆಧಾರ್ ಅಥವಾ ಪ್ಯಾನ್ ಕೇಳುವುದು ವಾಡಿಕೆಯೇ, ಗುರುತಿನ ದಾಖಲೆಯಿಲ್ಲದೆ ಪಾರ್ಸೆಲ್ ಬಿಡಿಸಲಾಗುವುದಿಲ್ಲ. ಆದರೆ ಕಸ್ಟಮ್ಸ್ ಅಧಿಕಾರಿ ಎಂದು ಹೇಳಿಕೊಂಡು ಯಾರದೋ ಸ್ವಂತ ಖಾತೆಗೆ ಹಣ ಹಾಕಿಸುವವನು ಅಧಿಕಾರಿಯಲ್ಲ, ಅದರಲ್ಲಿ ಅನುಮಾನ ಬೇಡ. ಇಲಾಖೆಯ ಪತ್ರಗಳ ಮೇಲೆ 2019ರಿಂದ ಡಿನ್ ಎಂಬ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಇಲಾಖೆಯ ಪುಟದಲ್ಲಿ ಹಾಕಿ ಪತ್ರ ನಿಜವೇ ಎಂದು ನೋಡಬಹುದು. ಅಂಚೆಯಲ್ಲಿ ಬಂದ ಪಾರ್ಸೆಲ್ಲಾದರೆ ಸುಂಕ ಮನೆ ಬಾಗಿಲಲ್ಲೇ ಅಂಚೆಯವನ ಕೈಗೆ, ರಸೀದಿ ಪಡೆದು. ನನಗೆ ಈಗಲೂ ಇಷ್ಟವಾದದ್ದು ಅದೇ.

ಸುಂಕ ವಸ್ತುವಿಗಿಂತ ಭಾರವೆನಿಸಿದರೆ, ಬಿಡುಗಡೆಯ ಆಜ್ಞೆ ಆಗುವ ಮೊದಲು ಆ ವಸ್ತುವಿನ ಹಕ್ಕು ಬಿಟ್ಟುಕೊಡಲು ಕಾಯಿದೆ ಅವಕಾಶ ಕೊಡುತ್ತದೆ. ಆಗ ಸುಂಕ ಇಲ್ಲ, ವಸ್ತುವೂ ಇಲ್ಲ. ಅಂಗಡಿಯವರು ಹಣ ಹಿಂದಿರುಗಿಸುತ್ತಾರೋ ಇಲ್ಲವೋ ಎಂದು ಮೊದಲು ಕೇಳಿಕೊಂಡೇ ಇಂಥ ವೈರಾಗ್ಯ ತಾಳಬೇಕು.

ಈ ಬಿಸಿ ನಮಗೊಬ್ಬರಿಗೇ ಅಲ್ಲ. ಹೊರಗಿರುವ ನಮ್ಮ ಮಕ್ಕಳಿಗೂ ತಟ್ಟಿದೆ. ಅಮೆರಿಕದಲ್ಲಿ 800 ಡಾಲರಿನೊಳಗಿನ ಪಾರ್ಸೆಲ್ಲಿಗೆ ಇದ್ದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಎಲ್ಲ ದೇಶಗಳಿಗೂ ನಿಂತಿತು. ನಮ್ಮ ಅಂಚೆ ಇಲಾಖೆ ಅದಕ್ಕೂ ಮೊದಲೇ, ಆಗಸ್ಟ್ 25ರಿಂದ, ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಮರುದಿನ ಗೌರಿ ಹಬ್ಬ! 100 ಡಾಲರಿನೊಳಗಿನ ಉಡುಗೊರೆ ಮೊದಲು ಹೋಗುತ್ತಿತ್ತು, ವಾರದೊಳಗೆ ಅದೂ ನಿಂತಿತು. ಮಗಳಿಗೆಂದು ನಮ್ಮಾಕೆ ಕರಿದ ಚಕ್ಕುಲಿ, ಕೋಡುಬಳೆ ಲೋಧಿ ರಸ್ತೆಯ ಅಂಚೆ ಕಚೇರಿಯ ಮೆಟ್ಟಿಲಿನವರೆಗೆ ಹೋಗಿ ಮನೆಗೆ ಮರಳಿದವು. ಅವನ್ನು ತಿಂದವನು ನಾನು. ಅಕ್ಟೋಬರ್ 15ಕ್ಕೆ, ದೀಪಾವಳಿಗೆ ಐದು ದಿನ ಮುಂಚೆ, ಸೇವೆ ಮತ್ತೆ ತೆರೆಯಿತು. ಆಗಿನ ಅಮೆರಿಕದ ಸುಂಕ ಘೋಷಿಸಿದ ಬೆಲೆಯ ನೂರಕ್ಕೆ 50. ಅದನ್ನು ಕಳಿಸುವವರೇ ಇಲ್ಲಿಯ ಕೌಂಟರಿನಲ್ಲಿ ಮುಂಗಡ ಕಟ್ಟಬೇಕು. ಅಲ್ಲಿಯ ದರಗಳು ಆಮೇಲೆ ಮತ್ತೆ ಬದಲಾಗಿವೆ, ಕೌಂಟರಿನಲ್ಲಿ ಕೇಳಿಯೇ ಡಬ್ಬಿ ಕಟ್ಟಿ. ಒಂದು ಮಾತ್ರ ಒಪ್ಪಬೇಕು: ಮುಂಗಡ ಕಟ್ಟಿದ್ದರಿಂದ ಮಗಳ ಬಾಗಿಲಿಗೆ ಯಾವ ಬಿಲ್ಲೂ ಹೋಗಲಿಲ್ಲ.

ಪುಸ್ತಕಪ್ರಿಯರಿಗೊಂದು ಸುದ್ದಿ. ಮುದ್ರಿತ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಆದರೆ 2019ರ ಬಜೆಟ್ಟಿನಲ್ಲಿ ವಿದೇಶಿ ಪುಸ್ತಕಕ್ಕೆ ನೂರಕ್ಕೆ 5 ಸುಂಕ ಹಾಕಿದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟಿನ ಹಳೆಯ ಪ್ರತಿಯನ್ನು ಇಂಗ್ಲೆಂಡಿನಿಂದ ತರಿಸಬೇಕೆಂದು ನನಗೆ ಬಹಳ ದಿನದ ಆಸೆ. ತವರಿಗೆ ಬರುವ ಹೆಣ್ಣುಮಗಳಿಗೆ ಬಾಗಿಲಲ್ಲಿ ಸುಂಕ ಕೇಳುವುದೇ? ಯೋಚಿಸುತ್ತಿದ್ದೇನೆ.

ಅಂತೂ ಬೂಟು ಬಂತು. ನಮ್ಮಾಕೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, "ಅಗಲ ಸರಿ, ಉದ್ದ ಒಂದು ಎಳ್ಳಿನಷ್ಟು ಸಾಲದು" ಎಂದಳು. ನನ್ನ ಎದೆ ಧಸಕ್ಕೆಂದಿತು. ಬಳಸದ ವಸ್ತುವನ್ನು ಎರಡು ವರ್ಷದೊಳಗೆ ವಾಪಸು ಕಳಿಸಿದರೆ ಕಟ್ಟಿದ ಸುಂಕದಲ್ಲಿ ನೂರಕ್ಕೆ 98ರವರೆಗೆ ಹಿಂದಿರುಗಿಸಲು ಕಾಯಿದೆಯ 74ನೇ ಕಲಮಿನಲ್ಲಿ ದಾರಿ ಇದೆ. ಆದರೆ ಅದೇ ವಸ್ತು ಎಂದು ಅಧಿಕಾರಿಗಳಿಗೆ ತೋರಿಸಿ, ರಫ್ತಿನ ಕಾಗದ ಮಾಡಿಸಿ, ಅರ್ಜಿ ಹಾಕಬೇಕು. ಅದು ವ್ಯಾಪಾರಿಗಳಿಗೆ ಹೇಳಿದ ಮಾತು, ಒಂದು ಜೊತೆ ಬೂಟಿಗೆ ಹೇಳಿದ್ದಲ್ಲ. ಅಂಗಡಿಯವರು ಬೂಟಿನ ಬೆಲೆ ಕೊಟ್ಟಾರು, ನಾನು ಕಟ್ಟಿದ ಸುಂಕವನ್ನು ಕೊಡುವುದಿಲ್ಲ. ಆದ್ದರಿಂದ ಬೂಟನ್ನು ಖನ್ನಾ ಮಾರ್ಕೆಟ್ಟಿನ ಹತ್ತಿರ ಕೂರುವ ಮೋಚಿಗೆ ಕೊಟ್ಟು ಬಂದೆ. ತಿರುಗಿಸಿ ಮುರುಗಿಸಿ ನೋಡಿದ. ಕಟ್ಟಿಗೆಯ ಅಚ್ಚು ಹಾಕಿ ಎರಡು ದಿನ ಇಟ್ಟರೆ ಸರಿಹೋಗುತ್ತದೆ, ಎಂಬತ್ತು ರೂಪಾಯಿ ಎಂದ. ಬುಧವಾರ ಬರಲು ಹೇಳಿದ್ದಾನೆ.