ಬರ್ಲಿನ್ ಬೀದಿಗಳು ನುಡಿಯುವ ಸಾಕ್ಷ್ಯ

ಭೂಮಿಯಲ್ಲಿ ಸಂಚರಿಸಿ ಅಕ್ರಮಿಗಳ ಅಂತ್ಯವನ್ನು ಕಣ್ಣಾರೆ ಕಾಣುವಂತೆ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಆಹ್ವಾನಿಸುತ್ತದೆ. ಈ ಆಹ್ವಾನವು ಆದ್, ಸಮೂದ್ ಜನಾಂಗಗಳ ಅವಶೇಷಗಳಿಗೆ ಮಾತ್ರ ಸೀಮಿತವೆಂದು ಭಾವಿಸುವವರು ಜರ್ಮನಿಯ ರಾಜಧಾನಿ ಬರ್ಲಿನ್‌ನತ್ತಲೂ ದೃಷ್ಟಿ ಹಾಯಿಸಬೇಕು. 1933ರಿಂದ 1945ರ ವರೆಗಿನ ನಾಝಿ ಸರ್ವಾಧಿಕಾರದ ತಾಣಗಳನ್ನು ಕಾಲ್ನಡಿಗೆಯಲ್ಲಿ ತೋರಿಸುವ ಪ್ರವಾಸಗಳು ಅಲ್ಲಿ ನಡೆಯುತ್ತಿರುತ್ತವೆ.

1945ರ ಏಪ್ರಿಲ್ 30ರಂದು ಹಿಟ್ಲರ್ ಆತ್ಮಹತ್ಯೆ ಮಾಡಿಕೊಂಡ ಭೂಗತ ಅಡಗುದಾಣದ ಮೇಲೆ ಇಂದು ಕಾರುಗಳು ನಿಲ್ಲುತ್ತವೆ. ಅಲ್ಲಿರುವುದು 2006ರಲ್ಲಿ ನೆಟ್ಟ ಒಂದು ಮಾಹಿತಿ ಫಲಕ ಮಾತ್ರ. ಸಮೀಪದಲ್ಲೇ, ಹತರಾದ ಯಹೂದಿಯರ ನೆನಪಿಗಾಗಿ 2005ರಲ್ಲಿ ತೆರೆಯಲಾದ 2,711 ಕಾಂಕ್ರೀಟ್ ದಿಮ್ಮಿಗಳ ವಿಶಾಲ ಸ್ಮಾರಕವಿದೆ. ಹಂತಕನಿಗೆ ಒಂದು ಗೋರಿಯನ್ನೂ ಕಟ್ಟದ ನಗರವು ಹತರಾದವರಿಗೆ ತನ್ನ ಹೃದಯಭಾಗವನ್ನೇ ಬಿಟ್ಟುಕೊಟ್ಟಿದೆ.

ಶೋನೆಬರ್ಗ್ ಪ್ರದೇಶದ ಒಂದು ಬಡಾವಣೆಯಲ್ಲಿ 1993ರಲ್ಲಿ ದೀಪದ ಕಂಬಗಳಿಗೆ 80 ಫಲಕಗಳನ್ನು ತೂಗುಹಾಕಲಾಯಿತು. ಒಂದು ಬದಿಯಲ್ಲಿ ಚಿತ್ರ, ಇನ್ನೊಂದು ಬದಿಯಲ್ಲಿ ನಾಝಿ ಕಾಲದ ಒಂದು ಆದೇಶ. ಯಹೂದಿಯರು ಸಂಜೆ 4ರಿಂದ 5ರ ವರೆಗೆ ಮಾತ್ರ ಆಹಾರ ಸಾಮಗ್ರಿ ಖರೀದಿಸಬೇಕು ಎಂಬುದು 1940ರ ಆದೇಶ. ಅವರು ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳಬಾರದು ಎಂಬುದು 1942ರದ್ದು. ಜನಾಂಗ ಹತ್ಯೆಯು ವಿಷಾನಿಲದ ಕೋಣೆಯಿಂದ ಆರಂಭವಾಗಲಿಲ್ಲ. ಕಾನೂನಿನ ಮುದ್ರೆಯೊತ್ತಿದ ಇಂತಹ ಸಣ್ಣ ಸಣ್ಣ ಅವಮಾನಗಳು ಮತ್ತು ಅದನ್ನು ಕಂಡೂ ಸುಮ್ಮನಿದ್ದ ಸಭ್ಯ ನೆರೆಹೊರೆಯವರು ಅದಕ್ಕೆ ದಾರಿ ಮಾಡಿಕೊಟ್ಟರು.

ಈ ಪ್ರಾಮಾಣಿಕತೆಯೂ ತಾನಾಗಿ ಬಂದುದಲ್ಲ. ಗೆಸ್ಟಾಪೊ ಎಂಬ ರಹಸ್ಯ ಪೊಲೀಸರ ಕೇಂದ್ರ ಕಚೇರಿಯು ಯುದ್ಧಾನಂತರ ನೆಲಸಮಗೊಂಡು, ಆ ಸ್ಥಳವು ದಶಕಗಳ ಕಾಲ ಮರೆವಿಗೆ ಸಂದಿತ್ತು. 1985ರಲ್ಲಿ ನಾಗರಿಕ ಕಾರ್ಯಕರ್ತರು ಗುದ್ದಲಿ ಹಿಡಿದು ಅಲ್ಲಿ ಸಾಂಕೇತಿಕವಾಗಿ ಅಗೆದರು. 1987ರಲ್ಲಿ ಅಲ್ಲೇ ಪ್ರದರ್ಶನವೊಂದು ತೆರೆಯಿತು. ತಮ್ಮದೇ ನೆಲದಡಿಯ ಪಾಪವನ್ನು ಅಗೆದು ತೆಗೆಯುವುದಕ್ಕೂ ಧೈರ್ಯ ಬೇಕು.

ಆದರೆ ಸ್ಮಾರಕ ಕಟ್ಟಿದ ಮಾತ್ರಕ್ಕೆ ನ್ಯಾಯಪ್ರಜ್ಞೆ ಬೆಳೆಯುತ್ತದೆಯೇ? 2023ರ ಬಳಿಕ ಗಾಝಾದಲ್ಲಿ ಸಾವಿರಾರು ಮಕ್ಕಳು ಸಾಯುತ್ತಿದ್ದಾಗ ಇಸ್ರೇಲ್‌ಗೆ ಶಸ್ತ್ರಾಸ್ತ್ರ ಪೂರೈಸಿದ ರಾಷ್ಟ್ರಗಳಲ್ಲಿ ಜರ್ಮನಿಯೂ ಇತ್ತು. ಒಂದು ಜನತೆಯ ನೋವಿನ ನೆನಪು ಇನ್ನೊಂದು ಜನತೆಯ ನೋವಿಗೆ ಕುರುಡಾದರೆ ಆ ನೆನಪಿಗೆ ಅರ್ಥವೇನು?

ಈ ಪ್ರಶ್ನೆಯನ್ನು ಕೇಳುವ ನಮ್ಮ ಕೈಯೂ ಶುದ್ಧವಾಗಿರಬೇಕು. ಫೆಲೆಸ್ತೀನಿಯರ ಮೇಲಿನ ಅನ್ಯಾಯದ ಸಿಟ್ಟಿನಲ್ಲಿ, 60 ಲಕ್ಷ ಯಹೂದಿಯರ ಹತ್ಯೆಯನ್ನೇ ಕಟ್ಟುಕತೆ ಎನ್ನುವವರು ನಮ್ಮಲ್ಲಿಲ್ಲವೇ? ಹಿಟ್ಲರನ ಹೆಸರನ್ನು ಮೆಚ್ಚುಗೆಯಿಂದ ಉಚ್ಚರಿಸುವ ನಾಲಗೆಗಳಿಲ್ಲವೇ? 1941ರ ನವೆಂಬರ್ 28ರಂದು ಇದೇ ಬರ್ಲಿನ್‌ನಲ್ಲಿ ಜೆರುಸಲೇಮಿನ ಮುಫ್ತಿ ಅಮೀನ್ ಅಲ್ ಹುಸೈನಿ ಹಿಟ್ಲರನನ್ನು ಭೇಟಿಯಾದರು. ಬಳಿಕ ನಾಝಿಗಳ ಪರವಾಗಿ ರೇಡಿಯೋ ಪ್ರಚಾರವನ್ನೂ ನಡೆಸಿದರು. ಶತ್ರುವಿನ ಶತ್ರು ಮಿತ್ರನೆಂಬ ಲೆಕ್ಕಾಚಾರವು ಒಬ್ಬ ವಿದ್ವಾಂಸರನ್ನು ಎಲ್ಲಿಗೆ ತಲುಪಿಸಿತು!

ಅದೇ ನಗರದಲ್ಲಿ ಅದೇ ವರ್ಷಗಳಲ್ಲಿ ಈಜಿಪ್ಟ್ ಮೂಲದ ವೈದ್ಯ ಮುಹಮ್ಮದ್ ಹೆಲ್ಮಿ ಯಹೂದಿ ಯುವತಿಯೊಬ್ಬಳನ್ನು ಯುದ್ಧ ಮುಗಿಯುವ ತನಕ ಬಚ್ಚಿಟ್ಟು ಕಾಪಾಡಿದರು. ಸ್ವತಃ ಗೆಸ್ಟಾಪೊದ ಬಂಧನವನ್ನು ಅನುಭವಿಸಿದ್ದ ಅವರಿಗೆ ಅಪಾಯದ ಅರಿವು ಚೆನ್ನಾಗಿಯೇ ಇತ್ತು. 2013ರಲ್ಲಿ ಇಸ್ರೇಲ್‌ನ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಅವರನ್ನು ಗೌರವಿಸಿತು. ಈ ಗೌರವಕ್ಕೆ ಪಾತ್ರರಾದ ಮೊದಲ ಅರಬ್ ಅವರು.

ಮುಫ್ತಿಯ ಹೆಸರು ನಮ್ಮ ವಿರೋಧಿಗಳ ಬಾಯಲ್ಲಿದೆ. ಹೆಲ್ಮಿಯ ಹೆಸರು ನಮ್ಮ ಬಾಯಲ್ಲೂ ಇಲ್ಲ. ನಮ್ಮ ಮದ್ರಸಗಳಲ್ಲಿ, ಜುಮಾ ಪ್ರವಚನಗಳಲ್ಲಿ ಈ ಎರಡೂ ಹೆಸರುಗಳು ಜೊತೆಯಾಗಿ ಕೇಳಿಬರಬೇಕು. ಒಂದು ಎಚ್ಚರಿಕೆಯಾಗಿ, ಇನ್ನೊಂದು ಮಾದರಿಯಾಗಿ. ನ್ಯಾಯದ ಸಾಕ್ಷ್ಯವನ್ನು ತನ್ನವರ ವಿರುದ್ಧವಾದರೂ ನುಡಿಯಬೇಕೆಂಬುದು ವಿಶ್ವಾಸಿಗಳ ಮೇಲಿನ ಹೊಣೆ. ತನ್ನ ಅಪರಾಧವನ್ನು ದೀಪದ ಕಂಬಗಳಲ್ಲಿ ತೂಗುಹಾಕಿದ ನಗರವೊಂದು ಆ ಹೊಣೆಯ ಸ್ವಲ್ಪ ಭಾಗವನ್ನಾದರೂ ನಿರ್ವಹಿಸಿದೆ. ನಾವೆಷ್ಟು ನಿರ್ವಹಿಸಿದ್ದೇವೆ?