ಮುರಿದ ಸಿಪಾಯಿಗೆ ಹೊಸ ಬಣ್ಣ

ದಸರೆ ಬಂತೆಂದರೆ ಅಟ್ಟದ ಮೇಲಿನ ಗೊಂಬೆಪೆಟ್ಟಿಗೆ ಕೆಳಗಿಳಿಯುತ್ತದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು. ಕೆಳಗಿನ ಮೆಟ್ಟಿಲಲ್ಲಿ ಮಕ್ಕಳದೇ ರಾಜ್ಯಭಾರ. ಅಲ್ಲಿ ಪಾರ್ಕು, ರೈಲು, ಪ್ಲಾಸ್ಟಿಕ್ ಸಿಪಾಯಿಗಳ ಸಾಲು. ಒಬ್ಬನಿಗೆ ಕೈಯಿಲ್ಲ, ಇನ್ನೊಬ್ಬನಿಗೆ ತಲೆಯಿಲ್ಲ. ‘ಎಸೆದುಬಿಡು’ ಎನ್ನುವ ತಾಯಂದಿರೇ, ದಯವಿಟ್ಟು ಎಸೆಯಬೇಡಿ. ಅದೊಂದು ಪುಟ್ಟ ಪ್ರಯೋಗಶಾಲೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತಲ್ಲ, ಆ ಕಡೆಯ ನನ್ನ ವಿದ್ಯಾರ್ಥಿಯೊಬ್ಬನಿಗೆ ಪೈಲಟ್ ಬೇಕೆನಿಸಿತು. ಒಬ್ಬ ಸಿಪಾಯಿಯ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಕೂಡಿಸಿ, ಬಾಗಿಲಿಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣ ಹಚ್ಚಿದ. ವಿಜಯದಶಮಿಯ ಹೊತ್ತಿಗೆ ತಲೆ ಕಳಚಿತ್ತು, ಬಣ್ಣ ಹಪ್ಪಳದಂತೆ ಎದ್ದಿತ್ತು. ಕುಣಿಗಲ್ಲಿನ ಹುಡುಗಿಯೊಬ್ಬಳು ತನ್ನೂರಿನ ಕುದುರೆ ಫಾರಂ ನೆನೆದು ಅಶ್ವದಳದ ಸವಾರನನ್ನು ಮಾಡಿದಳು. ಅವನ ಬಣ್ಣ ತಿಂಗಳಾದರೂ ಒಣಗದೆ ಕೈಗೆ ಅಂಟುತ್ತಿತ್ತು. ‘ಯಾಕೆ ಸಾರ್?’ ಎಂದು ಇಬ್ಬರೂ ಕೇಳಿದರು.

ಉತ್ತರ ಒಂದು ಬಟ್ಟಲು ನೀರಿನಲ್ಲಿದೆ. ಮುರಿದ ಗಟ್ಟಿ ಚೂರೊಂದನ್ನು, ಒಳಗೆ ಗಾಳಿ ಇಲ್ಲದಂತೆ ನೋಡಿಕೊಂಡು, ನೀರಿಗೆ ಹಾಕಿ. ತೇಲಿದರೆ ಅದು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಇವುಗಳ ಸಾಂದ್ರತೆ ನೀರಿಗಿಂತ ಕಡಿಮೆ. ಇವುಗಳ ಮೈ ಮೇಣದ ಹಾಗೆ, ಅಂಟನ್ನೂ ಬಣ್ಣವನ್ನೂ ಹಿಡಿಯದು. ಮುಳುಗಿದರೆ ಪಿವಿಸಿ ಅಥವಾ ಪಾಲಿಸ್ಟೈರೀನ್‌ನಂಥದು. ಮೆತ್ತಗಿನ ಪಿವಿಸಿಯಲ್ಲಿ ಮೃದುತ್ವಕ್ಕೆಂದು ಬೆರೆಸಿದ ಎಣ್ಣೆಯಂಥ ದ್ರವ ನಿಧಾನವಾಗಿ ಹೊರಬಂದು ಎನಾಮೆಲ್ ಬಣ್ಣವನ್ನು ಒಣಗಗೊಡುವುದಿಲ್ಲ. ಅದಕ್ಕೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವೇ ಸರಿ.

ಚನ್ನಪಟ್ಟಣದ ಗೊಂಬೆಯ ಬಣ್ಣ ಏಕೆ ಏಳುವುದಿಲ್ಲ ಗೊತ್ತೆ? ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಕಚ್ಚಿಕೊಳ್ಳುತ್ತದೆ. ಬಣ್ಣಕ್ಕೆ ಹಿಡಿದುಕೊಳ್ಳಲು ನೆಲೆ ಬೇಕು, ಅಷ್ಟೆ.

ಆದ್ದರಿಂದ ಮಕ್ಕಳೇ, ತೇಲುವವನನ್ನು ಅವನದೇ ಬಣ್ಣದಲ್ಲಿ ಬಿಡಿ; ಮುಳುಗುವವನಿಗೆ ಬಣ್ಣ ಹಚ್ಚಿ. ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಒಂದೇ ಸಲ ದಪ್ಪಗೆ ಬಳಿಯದೆ ತೆಳುವಾಗಿ ಎರಡು ಮೂರು ಸಲ ಹಚ್ಚಿ. ತೇಲುವವರ ಅಂಗ ಜೋಡಿಸಲು ಅಂಟಿಗಿಂತ ಗುಂಡುಸೂಜಿಯ ತುಂಡು ವಾಸಿ. ಎರಡೂ ಕಡೆ ಒಳಗಿಳಿದು ಬಿಗಿಯಾಗುತ್ತದೆ. ಸೂಜಿ ಕತ್ತರಿಸುವುದು, ಚುಚ್ಚುವುದು ದೊಡ್ಡವರ ಕೆಲಸ. ಬಾಯಿಗಿಡುವ ಪುಟ್ಟ ಮಕ್ಕಳ ಕೈಗೆ ಇಂಥ ಸಿಪಾಯಿಯನ್ನು ಕೊಡಬೇಡಿ.

ಪಾಲಕರೇ, ಮುಖ್ಯ ಮಾತು ಇನ್ನು ಮುಂದಿದೆ. ಅಟ್ಟದ ಮೇಲಿನ ಹಳೆಯ ಬಣ್ಣದ ಡಬ್ಬಿಯನ್ನು ಮಕ್ಕಳಿಗೆ ಕೊಡಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೋ ಹೇಳಲಾಗದು. ಸೀಸ ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಹಳೆಯ ಆಟಿಕೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಲೂ ಬಿಡಬೇಡಿ. ಆ ಧೂಳು ಉಸಿರಿನೊಡನೆ, ತುತ್ತಿನೊಡನೆ ಒಳಗೆ ಹೋಗುತ್ತದೆ.

ನಮ್ಮ ಗುಬ್ಬಿಯ ಹುಡುಗ ನೀಲಿ ಡಬ್ಬಿಯನ್ನು ಅಪ್ಪನಿಗೆ ಒಪ್ಪಿಸಿದ್ದಾನೆ. ಈ ಸಲ ಮುಳುಗುವ ಪೈಲಟ್‌ನನ್ನು ಹುಡುಕುತ್ತಿದ್ದಾನಂತೆ.