ಮೊಣಕಾಲಿಗೆ ಬೈಯೂಕಿಂತ ಮೊದಲ ಬೂಟು ಹೊಳ್ಳಿಸಿ ನೋಡ್ರಿ

ಹೋದ ಶುಕ್ರವಾರ ವೈನಿ ಮನ್ಯಾಗ ಅರಿಷಿಣ-ಕುಂಕುಮಕ್ಕ ಹೋಗಿದ್ದೆ. ಚಾಪಿ ಮ್ಯಾಲ ಕೂಡ್ಲಿಕ್ಕೆ ಕಾಲು ಮಡಚಿದ್ದ ತಡ, ನಾಕು ಮಂದಿ ಒಮ್ಮೆಲೇ ಕೇಳಿದ್ರು: "ಅಯ್ಯ, ಈಗ ನೋವಿಲ್ಲೇನ? ಅಂತೂ ಸೈಕಲ್ ಬಿಟ್ಟ್ರಿ ಅನ್ರಿ!" ಬಿಟ್ಟಿಲ್ರಿ. ಬೂಟು ಬಿಟ್ಟೀನಿ. ಕೋಸಂಬರಿ ದೊನ್ನಿ ಕೈಯಾಗ ಹಿಡಕೊಂಡು ಇಷ್ಟೆಲ್ಲಾ ಹೇಳೂದು ಆಗಲಿಲ್ಲ, ಅದಕ್ಕ ಇಲ್ಲೆ ಬರೀತೀನಿ. ಸ್ವಲ್ಪ ಸಿಟ್ಟಿನಿಂದನ ಬರೀತೀನಿ, ತಪ್ಪು ತಿಳ್ಕೋಬ್ಯಾಡ್ರಿ.

ನನಗ ಈಗ 49. ಮುಂಜಾನೆ ಆರಕ್ಕ ಹೊರಬಿದ್ದು, ಸಾಧನಕೇರಿ ದಾಟಿ ಕೆಲಗೇರಿ ಕೆರಿ ತನಕ ಹೋಗಿ, ವಿಶ್ವವಿದ್ಯಾಲಯದ ಏರು ಹತ್ತಿ ಮನಿಗೆ ಬರ್ತೀನಿ. ಆ ಒಂದು ತಾಸು ನನ್ನದು. ಕುಕ್ಕರಿಲ್ಲ, ಫೋನಿಲ್ಲ, "ಅವ್ವಾ ನನ್ನ ಟಾವೆಲ್ ಎಲ್ಲೆ" ಅನ್ನೂದಿಲ್ಲ. ಅದನ್ನ ಬಿಡು ಅಂದ್ರ ನನಗ ಎಷ್ಟು ಸಂಕಟ ಆಗಿರಬೇಕು ಅಂತ ನೀವ ವಿಚಾರ ಮಾಡ್ರಿ.

ಸೈಕಲ್ಲು ಬೆಂಗಳೂರಾಗ ಇರೂ ಮಗನದು. ತಾನು ಹೊಸಾದು ತಗೊಂಡು ಹಳೇದು ನನಗ ಕೊಟ್ಟ, ಅದರ ಜೋಡಿ ತನ್ನ ಹಳೇ ಬೂಟೂ ಕೊಟ್ಟ. ಪೆಡಲಿಗೆ ಟಕ್ ಅಂತ ಕಚ್ಚಿಕೊಳ್ಳೂ ಬೂಟು ಅವು. ಹಲಗಿಯಂಥಾ ಗಟ್ಟಿ ಸೋಲು, ಅದರ ಅಡಿಗೆ ಮೂರು ಸ್ಕ್ರೂ ಬಿಗದ ಪ್ಲಾಸ್ಟಿಕ್ ಬಿಲ್ಲಿ. ಅದಕ್ಕ ಕ್ಲೀಟ್ ಅಂತಾರ. ಅವನ ಬೂಟು 41, ನನ್ನ ಕಾಲು 38. ಎರಡು ಜೋಡಿ ಸಾಕ್ಸ್ ಹಾಕ್ಕೊಂಡು, ಮುಂದ ಒಂದಿಷ್ಟು ಅರಿವಿ ತುರುಕಿದ್ರ ನಡೀತದ ಅಂತ ಶಾಣ್ಯಾತನ ಮಾಡಿದಾಕಿ ನಾನ. ಇದ್ದದ್ದನ್ನ ಬಿಟ್ಟು ಹೊಸಾದಕ್ಕ ರೊಕ್ಕ ಯಾಕ ಅಂತ.

ಮೂರು ವಾರಕ್ಕ ಬಲಗಾಲ ಮೊಣಕಾಲಿನ ಒಳಮಗ್ಗಲ ಹಿಡೀಲಿಕ್ಕೆ ಶುರು ಆತು. ಇಳಿಯೂ ಮುಂದ ಮೆಟ್ಟಿಲು ಅಂದ್ರ ಅಂಜಿಕಿ. ಆಮ್ಯಾಲ ನಿಮ್ಮೆಲ್ಲಾರ ಸಲಹಾ! ಒಬ್ರು ಎಳ್ಳೆಣ್ಣಿ, ಒಬ್ರು ಮೆಂತೆ ನೆನಿಸಿದ ನೀರು, ಒಬ್ರು "ಈ ವಯಸ್ಸಿನಾಗ ಹೆಣ್ಮಕ್ಕಳಿಗೆ ಇದೆಲ್ಲಾ ಬೇಕಾಗಿತ್ತೇನ". ತೋರಿಸಿದ ಡಾಕ್ಟರೂ ಬೂಟಿನ ಸುದ್ದಿ ಎತ್ತಲಿಲ್ಲ. ವಯಸ್ಸು, ತೂಕ, ಗುಳಗಿ, ಸೈಕಲ್ ಬಂದ್. ಎರಡು ನಿಮಿಷ.

ವಯಸ್ಸಂತೀರಲ್ಲಾ, ನನ್ನ ಎಡಗಾಲು ಬಲಗಾಲಿಗಿಂತ ಸಣ್ಣದೇನು? ಎರಡೂ ಒಂದ ದಿನ ಹುಟ್ಯಾವ. ಬಲಗಾಲಿಗಷ್ಟ ಯಾಕ, ಒಳಮಗ್ಗಲ ಅಷ್ಟ ಯಾಕ, ಸೈಕಲ್ ಹೊಡದ ದಿನ ಅಷ್ಟ ಯಾಕ ಅಂತ ಒಬ್ರರ ಕೇಳಬೇಕಿತ್ತೋ ಇಲ್ಲೋ?

ಕೇಳಿದಾಂವ ಹುಬ್ಬಳ್ಳಿಯ ಒಂದು ಸೈಕಲ್ ಅಂಗಡಿ ಹುಡುಗ. ನನ್ನನ್ನ ಎತ್ತರದ ಮೇಜಿನ ಮ್ಯಾಲ ಕೂಡಿಸಿ, ಕಾಲು ಸುಮ್ಮನ ಇಳಿಬಿಡ್ರಿ ಅಂದ. ನನ್ನ ಪಾದ ನೆಟ್ಟಗ ಮುಂದ ನೋಡ್ತಿದ್ವು. ಬೂಟು ಹೊಳ್ಳಿಸಿದ್ರ ಕ್ಲೀಟ್ ಹೆಂಗ ಕೂತಿತ್ತಂದ್ರ, ಬೆರಳು ಹೊರಗಡೆ ತಿರುಗಬೇಕು. ನನ್ನ ಮಗ ಅವರಪ್ಪನಂಗ ಪಾದ ಹೊರಗ ಚಾಚಿ ನಡಿಯಾಂವ, ತನಗ ಸರಿಯಾಗಿ ಬಿಗದುಕೊಂಡಾನ. ಮ್ಯಾಲ ಅದು ಕೆಂಪು ಕ್ಲೀಟು, ಹಿಮ್ಮಡ ಕೂದಲೆಳಿಯಷ್ಟೂ ಅತ್ತಿತ್ತ ಆಗೂಹಂಗಿಲ್ಲ. ನಡಿಯೂ ಮುಂದ ಕಾಲು ತನಗ ಬೇಕಾದಂಗ ಹೊಳ್ಳತದ. ಇಲ್ಲೆ ಕೆಳಗ ಪಾದಕ್ಕ ಬೀಗ, ಮ್ಯಾಲ ಸೊಂಟ ಸೀಟಿಗೆ ಅಂಟಿರ್ತದ. ನಡುವ ಸಿಕ್ಕದ್ದು ಮೊಣಕಾಲು. ನಿಮಿಷಕ್ಕ 75 ಸುತ್ತು ಹಿಡೀರಿ, ತಾಸಿಗೆ 4,500. ಲಟ್ಟಣಗಿ ಓರಿ ಹಿಡದು ಒಂದು ಚಪಾತಿ ಮಾಡಿದ್ರ ಮಣಿಕಟ್ಟಿಗೆ ಏನೂ ಆಗೂದಿಲ್ಲ. 4,500 ಸಲ ಲಟ್ಟಿಸಿ ನೋಡ್ರಿ.

ಇನ್ನೊಂದು, ಬೂಟು ಉದ್ದ ಆಗಿದ್ದಕ್ಕ ಹೆಬ್ಬೆರಳಿನ ಬುಡದ ಉಬ್ಬು ಪೆಡಲಿನ ಮ್ಯಾಲ ಬರದ ಹಿಂದ ಉಳೀತಿತ್ತು, ಬೆರಳಲೆ ತುಳೀತಿದ್ದೆ. ಸಡಲ ಬೂಟಿನಾಗ ಬಲಗಾಲಿನ ಅಂಗಾಲು ಒಳಗ ಕುಸೀತಿತ್ತು, ಅದರ ಹಿಂದ ಮೊಣಕಾಲೂ ಸೈಕಲ್ಲಿನ ಪೈಪಿನ ಕಡೆ ಬಾಗ್ತಿತ್ತು. ಆ ಹುಡುಗ ಹಿಂದಿಂದ ಫೋನಿನಾಗ ಚಿತ್ರ ತಗದು ತೋರಿಸಿದ. ನನಗ ನಾಚಿಕಿ ಬಂತು.

38ರ ಹೊಸಾ ಬೂಟು ತಗೊಂಡೆ, ಮುಂದ ಬೆರಳು ಆರಾಮ ಹರವಿಕೊಳ್ಳೂವಷ್ಟು ಅಗಲದ್ದು. ಕೆಂಪು ಕ್ಲೀಟ್ ತಗಸಿ ಹಳದಿ ಹಾಕ್ಸಿದೆ, ಅದರಾಗ ಹಿಮ್ಮಡ 6 ಡಿಗ್ರಿ ಆಡ್ತದ. (ಬಣ್ಣ ನೆನಪಿಟ್ಟು ಅಂಗಡಿಗೆ ಓಡಬ್ಯಾಡ್ರಿ. ಶಿಮಾನೊದಾಗ ಕೆಂಪು ಅಂದ್ರ 0, ಲುಕ್ ಕಂಪನಿದಾಗ ಕೆಂಪು ಅಂದ್ರ 9 ಡಿಗ್ರಿ! ಯಾರು ಮಾಡಿದ ಲೆಕ್ಕೋ.) ಬಲಬೂಟಿನ ಕ್ಲೀಟಿನ ಅಡಿಗೆ ಒಂದು ತೆಳ್ಳನ ಓರೆ ಪಟ್ಟಿ, ದಪ್ಪ ಅಂಚು ಒಳಗಡೆ ಬರೂಹಂಗ. ಎಡಕ್ಕ ಬೇಕಾಗಲಿಲ್ಲ. ನನಗ ಹಾಕ್ಯಾರಂತ ನೀವೂ ಹಾಕ್ಸಬ್ಯಾಡ್ರಿ ಮತ್ತ, ಕೆಲವರಿಗೆ ಪಟ್ಟಿ ಬೇಕಾಗೂದಿಲ್ಲ, ಉಲ್ಟಾ ಹಾಕಿದ್ರ ನೋವು ಹೆಚ್ಚಾಗ್ತದ. ಮಗನ ಕೋನ ನನ್ನ ಕಾಲಿಗೆ ಹಾಕ್ಕೊಂಡದ್ದರಿಂದನ ಇಷ್ಟೆಲ್ಲಾ ಆದದ್ದು.

"ನಾವೆಲ್ಲಾ ಹವಾಯಿ ಚಪ್ಪಲ್ ಮ್ಯಾಲ ಕಾಲೇಜಿಗೆ ಸೈಕಲ್ ಹೊಡದೀವಿ, ಆವಾಗ ಎಲ್ಲಿತ್ತು ನೋವು" ಅಂತ ಮೌಶಿ ಅಂದ್ರು. ಖರೇನ ಅದ ಮೌಶಿ. ಸಪಾಟ ಪೆಡಲಿನ ಮ್ಯಾಲ ಚಪ್ಪಲ್ ಇದ್ರ ಪಾದ ತನ್ನ ಜಾಗಾ ತಾನ ಹುಡುಕ್ಕೋತದ. ಕಚ್ಚೂ ಬೂಟು ಎಲ್ಲಾರಿಗೂ ಬೇಕು ಅಂತ ನಾನೆಲ್ಲಿ ಅಂದೀನಿ? ಆದ್ರ ಈಗ ಕಾಲಾಗ ಇರೂ ಚಪ್ಪಲ್ ಒಮ್ಮೆ ಹೊಳ್ಳಿಸ್ರಿ. ಒಂದ ಅಂಚು ಸವದಿದ್ರ ಅದೂ ಓರೆ ಸೋಲ. ಮತ್ತ ಲೇಡೀಜ್ ಸೈಕಲ್ ಮ್ಯಾಲ ಎರಡೂ ಕಾಲು ನೆಲಕ್ಕ ಹತ್ತಲಿ ಅಂತ ಸೀಟು ಇಳಿಸ್ತೀರಲ್ಲಾ, ಚಿಪ್ಪಿನ ಮುಂದ ನೋಯೂದು ಅದರಿಂದ. ಭಾಳ ಏರಿಸಿದ್ರ ಹಿಂದಗಡೆ ನೋಯ್ತದ. ಪೆಡಲು ಪೂರ್ತಿ ಕೆಳಗ ಇದ್ದಾಗ ಮೊಣಕಾಲು 25ರಿಂದ 35 ಡಿಗ್ರಿ, ಅಂದ್ರ ಸ್ವಲ್ಪ ಅಷ್ಟ ಮಡಚಿರಬೇಕು.

ಬಾವು ಬಂದ್ರ, ಕೀಲು ಸಿಕ್ಕೊಂಡು ನಿಂತ್ರ, ಸುಮ್ಮನ ಮಲಗಿದಾಗೂ ನೋಯ್ತಿದ್ರ ನನ್ನ ಮಾತು ಬಿಟ್ಟು ಡಾಕ್ಟರ ಕಡೆ ಹೋಗ್ರಿ. ಹೋಗೂ ಮುಂದ ಬೂಟೂ ಒಯ್ರಿ. ನೋಡೂದಿಲ್ಲ ಅಂದ್ರ ಮೇಜಿನ ಮ್ಯಾಲ ಇಡ್ರಿ.

ಎರಡು ತಿಂಗಳಾತು, ಏರು ಹತ್ತೀನಿ, ಮೆಟ್ಟಿಲೂ ಇಳೀತೀನಿ. ಮಗನ ಬೂಟು ಒರಿಸಿ ಅಟ್ಟದ ಮ್ಯಾಲ ಇಟ್ಟೀನಿ. ಮೊನ್ನೆ ನಾದಿನಿ ಬಂದು, "ಸುಮ್ಮನ ಬಿದ್ದಾವಲ್ಲ ವೈನಿ, ನನಗ ಕೊಡ್ರಿ, ಸಾಕ್ಸ್ ಹಾಕ್ಕೊಂಡ್ರ ನಡೀತದ" ಅಂದ್ಲು. ಕೊಡೂದಿಲ್ಲ ಅಂದೆ. ಸಿಟ್ಟಾಗಿ ಚಹಾನೂ ಕುಡೀದ ಹೋಗ್ಯಾಳ.